ಚಿರಿಕೀ ಪ್ರವಾಸ: ಬಾರೂ ಶಿಖರ, ಗೇಶಾ ಕಾಫಿ ತೋಟ, ಬೋಕಾ ಚೀಕಾ ದ್ವೀಪಗಳಿಗೆ ಸಮಗ್ರ ಮಾರ್ಗದರ್ಶಿ

ಪನಾಮ ದೇಶದ ಪಶ್ಚಿಮ ತುದಿಯಲ್ಲಿ, ಕೋಸ್ಟರೀಕಾ ಗಡಿಗೆ ಅಂಟಿಕೊಂಡಿರುವ ಪ್ರಾಂತ್ಯ ಚಿರಿಕೀ. ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಅಕ್ಕಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಪೆಸಿಫಿಕ್ ದಡದಿಂದ 3,474 ಮೀಟರ್ ಎತ್ತರದ ಬಾರೂ ಜ್ವಾಲಾಮುಖಿಯ ನೆತ್ತಿಗೆ ನೇರ ಗೆರೆ ಎಳೆದರೆ ಅರವತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. ದಾರಿ ತಪ್ಪಿಸುವುದೇ ಈ ಹತ್ತಿರ. ದೂರವನ್ನಷ್ಟೇ ಲೆಕ್ಕ ಹಾಕಿ ಹೊರಟವರು ಶಿಖರಕ್ಕೆ ಹೋಗಿ ಮೋಡ ನೋಡಿ ಬರುತ್ತಾರೆ, ಮರಳೆಲ್ಲ ನೀರಿನಡಿ ಮುಳುಗಿದ ಹೊತ್ತಿಗೆ ದ್ವೀಪಕ್ಕೆ ಇಳಿಯುತ್ತಾರೆ. ಚಿರಿಕೀಯಲ್ಲಿ ಯೋಜನೆ ಹಾಕಬೇಕಾದ್ದು ಹೊತ್ತು ನೋಡಿ. ಬೆಟ್ಟದಲ್ಲಿ ಮೋಡ ಏರುವ ಹೊತ್ತು, ತೋಟದಲ್ಲಿ ಕೊಯ್ಲಿನ ಹೊತ್ತು, ಕಡಲಲ್ಲಿ ಉಬ್ಬರವಿಳಿತದ ಹೊತ್ತು. ಈ ಮೂರನ್ನು ಹೊಂದಿಸಿಕೊಂಡರೆ ಎಂಟು ದಿನದಲ್ಲಿ ಪ್ರಾಂತ್ಯದ ಸಾರವನ್ನೆಲ್ಲ ನೋಡಬಹುದು.

ಯಾವ ತಿಂಗಳು

ಪೆಸಿಫಿಕ್ ಇಳಿಜಾರಿನಲ್ಲಿ ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಒಣಗಾಲ, ಮೇಯಿಂದ ನವೆಂಬರ್‌ವರೆಗೆ ಮಳೆಗಾಲ. ಮಳೆಗಾಲವೆಂದರೆ ದಿನವಿಡೀ ಸುರಿಯುವ ಜಡಿಮಳೆಯಲ್ಲ. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಮಧ್ಯಾಹ್ನ ಒಂದೆರಡು ಗಂಟೆಯ ಹೊತ್ತಿಗೆ ಮೋಡ ಕಟ್ಟಿ ಬಿರುಸಾಗಿ ಹೊಡೆಯುತ್ತದೆ. ಹಾಗಾಗಿ ಜೂನ್, ಜುಲೈನಲ್ಲಿ ಹೋದವರೂ ಬೆಳಗಿನ ಆರಕ್ಕೆ ಹೊರಟರೆ ಕಳೆದುಕೊಳ್ಳುವುದು ಕಡಿಮೆ. ಅಕ್ಟೋಬರ್ ಮತ್ತು ನವೆಂಬರ್ ಬೇರೆಯೇ ಲೆಕ್ಕ. ಮಳೆ ಆಗ ಅತಿ ಹೆಚ್ಚು, ಮಣ್ಣು ಪೂರ್ತಿ ನೀರು ಕುಡಿದಿರುತ್ತದೆ, ಗುಡ್ಡ ಜಾರುತ್ತದೆ. 2020ರ ನವೆಂಬರ್‌ನಲ್ಲಿ ಏಟಾ ಚಂಡಮಾರುತದ ಹೊರಸುತ್ತಿನ ಮಳೆಗೇ ಬಾರೂ ಬೆಟ್ಟದ ಆಚೆ ಬದಿಯ ಸೆರೊ ಪುಂತಾ ಕಣಿವೆಯಲ್ಲಿ ಭೂಕುಸಿತವಾಗಿ ರಸ್ತೆಗಳು, ಮನೆಗಳು ಕೊಚ್ಚಿಹೋದವು. ಮೊದಲ ಸಲ ಹೋಗುವವರು ಈ ಎರಡು ತಿಂಗಳನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಏನು ನೋಡಬೇಕು ಎಂಬುದರ ಮೇಲೆ ತಿಂಗಳನ್ನು ಇನ್ನೂ ಕಿರಿದಾಗಿಸಬಹುದು. ಶಿಖರ, ಕಾಫಿ ಕೊಯ್ಲು, ಕೆತ್ಸಾಲ್ ಹಕ್ಕಿ ಮೂರೂ ಬೇಕೆಂದರೆ ಫೆಬ್ರವರಿ ಅಥವಾ ಮಾರ್ಚ್ ಮೊದಲ ಭಾಗ. ಹಂಪ್‌ಬ್ಯಾಕ್ ತಿಮಿಂಗಿಲ ಬೇಕೆಂದರೆ ಜುಲೈನಿಂದ ಅಕ್ಟೋಬರ್. ದಕ್ಷಿಣ ಗೋಲಾರ್ಧದ ತಣ್ಣನೆಯ ನೀರಿನಿಂದ ಮರಿ ಹಾಕಲು ಅವು ಚಿರಿಕೀ ಕೊಲ್ಲಿಗೆ ಬರುವ ಕಾಲ ಅದು. ಎರಡನ್ನೂ ಒಂದೇ ಪ್ರವಾಸದಲ್ಲಿ ಹಿಡಿಯಲಾಗದು. ಜನವರಿಯಲ್ಲಿ ಬಾರೂ ತಪ್ಪಲಿನ ಬೊಕೆತೆ ಊರಿನಲ್ಲಿ ಹೂವು ಮತ್ತು ಕಾಫಿಯ ಜಾತ್ರೆ ನಡೆಯುತ್ತದೆ. ಜಾತ್ರೆ ಚೆಂದ, ಆದರೆ ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ರಾತ್ರಿ ಸಂಗೀತದ ಅಬ್ಬರವೂ ಇರುತ್ತದೆ. ನಡುರಾತ್ರಿ ಎದ್ದು ಶಿಖರ ಹತ್ತುವ ಯೋಚನೆ ಇರುವವರು ಜಾತ್ರೆ ಮುಗಿದ ಮೇಲೆ ಹೋಗಲಿ.

ಇನ್ನೊಂದು ಪದ ಕಿವಿಗೆ ಬೀಳುತ್ತಲೇ ಇರುತ್ತದೆ: ಬಹರೆಕೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೆರಿಬಿಯನ್ ಕಡೆಯ ಮೋಡ ಬೆಟ್ಟದ ಸಾಲು ದಾಟಿ ಬೊಕೆತೆಯ ಮೇಲೆ ಜೋರು ಗಾಳಿಯೊಂದಿಗೆ ಉದುರಿಸುವ ತುಂತುರು ಅದು. ಬಿಸಿಲು ಇದ್ದಂತೆಯೇ ಹನಿಯುತ್ತದೆ, ಕೈಮೇಲೆ ಬಿದ್ದದ್ದೂ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಕಳೆದು ನೋಡಿದರೆ ಅಂಗಿ ತೊಯ್ದಿರುತ್ತದೆ. ಗಾಳಿಗೆ ಕೊಡೆ ನಿಲ್ಲದು, ತೆಳು ಮಳೆ ಜಾಕೆಟ್ ಬೇಕು. ಕಣಿವೆಯ ಮೇಲೆ ಕಾಮನಬಿಲ್ಲು ಕಟ್ಟುವುದೂ ಈ ಬಹರೆಕೆಯಿಂದಲೇ.

ಕಾಗದಪತ್ರ, ಹಣ, ದಾರಿ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪನಾಮ ವೀಸಾ ಬೇಕು. ಅಮೆರಿಕ, ಕೆನಡಾ, ಬ್ರಿಟನ್, ಷೆಂಗೆನ್‌ನಂಥ ಕಡೆಯ ಬಹುಪ್ರವೇಶ ವೀಸಾ ಪಡೆದು ಒಮ್ಮೆಯಾದರೂ ಬಳಸಿದವರಿಗೆ ವಿನಾಯಿತಿ ಸಿಗುವ ದಾರಿ ಇದೆ. ನಿಯಮ ಆಗಾಗ ತಿದ್ದುಪಡಿಯಾಗುತ್ತದೆ, ಆದ್ದರಿಂದ ಟಿಕೆಟ್ ಮಾಡಿಸುವ ಮುನ್ನ ಪನಾಮ ರಾಯಭಾರ ಕಚೇರಿಯಿಂದ ಖಚಿತಪಡಿಸಿಕೊಳ್ಳಿ. ವಾಪಸ್ ಟಿಕೆಟ್ ಮತ್ತು ಕನಿಷ್ಠ 500 ಡಾಲರ್ ಇರುವುದಕ್ಕೆ ಪುರಾವೆ ಕೈಯಲ್ಲಿರಲಿ.

ಬಹಳಷ್ಟು ಜನ ಮರೆಯುವುದು ಹಳದಿ ಜ್ವರದ ಲಸಿಕೆ. ಒಳಗೆ ಹೋಗುವಾಗ ಯಾರೂ ಕೇಳದೇ ಇರಬಹುದು. ತೊಂದರೆ ಬರುವುದು ಮರಳುವಾಗ. ಭಾರತದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಪನಾಮ ಇದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಪ್ರಮಾಣಪತ್ರವಿಲ್ಲದೆ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಮಾತ್ರ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವಮಾನಕ್ಕೆ ಸಾಕು. ಅಧಿಕೃತ ಕೇಂದ್ರಗಳಲ್ಲಷ್ಟೇ ಸಿಗುವುದರಿಂದ ಸರದಿ ಇರುತ್ತದೆ, ಎರಡು ತಿಂಗಳು ಮೊದಲೇ ಹೋಗಿ.

ಪನಾಮದ ಹಣ ಬಾಲ್ಬೋವಾ. ಅದು ಅಮೆರಿಕನ್ ಡಾಲರ್‌ಗೆ ಸರಿಸಮ. ಬಾಲ್ಬೋವಾ ನಾಣ್ಯ ಮಾತ್ರ ಇದೆ, ನೋಟು ಎಲ್ಲವೂ ಡಾಲರ್. 50 ಮತ್ತು 100ರ ನೋಟನ್ನು ಸಣ್ಣ ಅಂಗಡಿ, ಬಸ್ಸು, ದೋಣಿಯವರು ತೆಗೆದುಕೊಳ್ಳುವುದಿಲ್ಲ. 1, 5, 10ರ ನೋಟುಗಳನ್ನೇ ಕೂಡಿಸಿಕೊಳ್ಳಿ. ಪ್ರಾಂತ್ಯದ ರಾಜಧಾನಿ ದಾವಿದ್ ಮತ್ತು ಬೊಕೆತೆಯಲ್ಲಿ ಎಟಿಎಂ ಸಿಗುತ್ತದೆ, ದ್ವೀಪಗಳಿಗೆ ದೋಣಿ ಹೊರಡುವ ಬೋಕಾ ಚೀಕಾಗೆ ಹೋಗುವ ಮುನ್ನ ನಗದು ತುಂಬಿಕೊಂಡೇ ಹೊರಡಬೇಕು. ವಿದ್ಯುತ್ 110–120 ವೋಲ್ಟ್, ಚಪ್ಪಟೆ ಕಡ್ಡಿಯ ಪ್ಲಗ್. ನಮ್ಮ ದುಂಡು ಪಿನ್ನು ಕೂರುವುದಿಲ್ಲ.

ಪನಾಮ ನಗರದಿಂದ ಚಿರಿಕೀಯ ರಾಜಧಾನಿ ದಾವಿದ್‌ಗೆ ವಿಮಾನದಲ್ಲಿ ಒಂದು ಗಂಟೆ. ನಗರದೊಳಗಿನ ಅಲ್ಬ್ರೂಕ್ ನಿಲ್ದಾಣದಿಂದಲೂ, ಅಂತರರಾಷ್ಟ್ರೀಯ ತೊಕುಮೆನ್ ನಿಲ್ದಾಣದಿಂದಲೂ ವಿಮಾನಗಳಿವೆ. ಎರಡರ ನಡುವೆ ಇಡೀ ನಗರವೇ ಇದೆ, ಟಿಕೆಟ್‌ನಲ್ಲಿ ಯಾವುದೆಂದು ನೋಡದೆ ಹೊರಟರೆ ವಿಮಾನ ತಪ್ಪುತ್ತದೆ. ಬಸ್ಸಾದರೆ ಅಲ್ಬ್ರೂಕ್ ಟರ್ಮಿನಲ್‌ನಿಂದ ಪ್ಯಾನ್ ಅಮೆರಿಕನ್ ಹೆದ್ದಾರಿಯಲ್ಲಿ ಸುಮಾರು ಏಳು ಗಂಟೆ. ಹೊರಗೆ ಧಗೆ, ಬಸ್ಸಿನೊಳಗೆ ಎಸಿಯ ಕೊರೆಯುವ ಚಳಿ. ಸ್ವೆಟರನ್ನು ಡಿಕ್ಕಿಯ ಚೀಲದಲ್ಲಿ ಹಾಕಿದವರು ರಾತ್ರಿಯಿಡೀ ನಡುಗುತ್ತಾರೆ. ದಾರಿಯಲ್ಲಿ ಪೊಲೀಸ್ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಮೈಮೇಲೇ ಇರಲಿ.

ದಾವಿದ್‌ನಲ್ಲಿ ತಂಗುವ ಅಗತ್ಯವಿಲ್ಲ. ಸಮುದ್ರಮಟ್ಟದ ಬಿಸಿ ಊರು, ಬಸ್ಸು ಬದಲಿಸಲು, ಹಣ ತೆಗೆಯಲು, ಔಷಧಿ ಕೊಳ್ಳಲು ಒಳ್ಳೆಯದು. ಬೊಕೆತೆಗೆ 38 ಕಿ.ಮೀ., ಬಸ್ಸಿನಲ್ಲಿ ಒಂದು ಗಂಟೆ, ದರ ಎರಡು ಡಾಲರ್ ಆಸುಪಾಸು. ಅರ್ಧ ಗಂಟೆಗೊಂದರಂತೆ ಬಸ್ಸಿರುತ್ತದೆ. ಇಳಿಯಬೇಕಾದಾಗ 'ಪರಾದಾ' ಎಂದು ಜೋರಾಗಿ ಹೇಳಿದರೆ ನಿಲ್ಲಿಸುತ್ತಾರೆ.

ಕಾರು ಬಾಡಿಗೆಗೆ ಪಡೆಯುವವರಿಗೆ ಎರಡು ಮಾತು. ಮೊದಲನೆಯದು, ವಾಹನ ರಸ್ತೆಯ ಬಲಕ್ಕೆ ಓಡುತ್ತದೆ, ಸ್ಟೀರಿಂಗ್ ಎಡಕ್ಕೆ. ಎರಡನೆಯದು, ಅಂತರ್ಜಾಲದಲ್ಲಿ ತೋರಿಸುವ ಅಗ್ಗದ ದಿನಬಾಡಿಗೆಯಲ್ಲಿ ಸ್ಥಳೀಯ ಕಡ್ಡಾಯ ವಿಮೆ ಸೇರಿರುವುದಿಲ್ಲ. ಕೌಂಟರ್‌ನಲ್ಲಿ ಮೊತ್ತ ಏರುವುದು ಅದಕ್ಕೇ. ಮೊದಲೇ ಬರಹದಲ್ಲಿ ಒಟ್ಟು ಮೊತ್ತ ಕೇಳಿ ಪಡೆಯಿರಿ.

ಎಂಟು ದಿನ ಹೇಗೆ ಹಂಚುವುದು

ಬೊಕೆತೆಯಲ್ಲಿ ನಾಲ್ಕು ರಾತ್ರಿ, ಸೆರೊ ಪುಂತಾದಲ್ಲಿ ಒಂದು, ಬೋಕಾ ಚೀಕಾದಲ್ಲಿ ಎರಡು, ಕೊನೆಗೆ ಪನಾಮ ನಗರದಲ್ಲಿ ಒಂದು. ಬೆಟ್ಟ ಮೊದಲು, ಕಡಲು ಆಮೇಲೆ. ಬಾರೂ ಇಳಿದ ಮೊಣಕಾಲಿಗೆ ಮರಳು ಹಿತ. ಸೆರೊ ಪುಂತಾದಲ್ಲಿ ರಾತ್ರಿ ಹತ್ತು ಡಿಗ್ರಿ ಆಸುಪಾಸು, ದಾವಿದ್‌ನಲ್ಲಿ ಹಗಲು ಮೂವತ್ತು ದಾಟುತ್ತದೆ. ಎರಡಕ್ಕೂ ಬಟ್ಟೆ ಬೇಕು. ಇದೇ ಎಂಟು ದಿನದಲ್ಲಿ ಬೋಕಾಸ್ ದೆಲ್ ತೋರೊ, ಕೊಯಿಬಾ ದ್ವೀಪ ಎರಡನ್ನೂ ತುರುಕಬೇಡಿ. ಅವೆರಡೂ ಇರುವುದು ಬೇರೆ ಪ್ರಾಂತ್ಯಗಳಲ್ಲಿ, ಹೋಗಿ ಬರುವುದಕ್ಕೇ ದಿನಗಳು ಸೋರಿಹೋಗುತ್ತವೆ.

ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ. ಅನ್ನ, ಬೇಯಿಸಿದ ಕಾಳು, ಕಾಯಿಬಾಳೆಯನ್ನು ಜಜ್ಜಿ ಎರಡು ಸಲ ಕರಿದ ಪತಕೋನೆಸ್, ಹಣ್ಣು, ಸೆರೊ ಪುಂತಾದ ತರಕಾರಿ ಎಲ್ಲೆಡೆ ಸಿಗುತ್ತವೆ. ಆದರೆ ಕಾಳಿನ ಪಾತ್ರೆಗೆ ಹಂದಿಮಾಂಸದ ತುಂಡು ಹಾಕುವ ವಾಡಿಕೆ ಇದೆ. 'ಮಾಂಸ ಬೇಡ' ಎಂದರೆ ದನದ ಮಾಂಸ ಬೇಡ ಎಂದಷ್ಟೇ ಅರ್ಥವಾಗುವುದರಿಂದ 'ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ, ಸಿನ್ ಪುಯೆರ್ಕೊ' (ಮಾಂಸ, ಕೋಳಿ, ಮೀನು, ಹಂದಿ ಇಲ್ಲದೆ) ಎಂದು ನಾಲ್ಕನ್ನೂ ಹೇಳಬೇಕು.

ಕಾಫಿ ತೋಟ: ನೋಡುವುದು ಹೇಗೆ, ಕೊಳ್ಳುವುದು ಹೇಗೆ

ಬೊಕೆತೆಯ ಹೆಸರು ಜಗತ್ತಿಗೆ ತಿಳಿದದ್ದು ಗೇಶಾ ತಳಿಯಿಂದ. ಇಥಿಯೋಪಿಯಾ ಮೂಲದ ಈ ಗಿಡ ಕೋಸ್ಟರೀಕಾದ ಸಂಶೋಧನಾ ಕೇಂದ್ರದ ಮೂಲಕ 1960ರ ದಶಕದಲ್ಲಿ ಪನಾಮಕ್ಕೆ ಬಂತು. ಇಳುವರಿ ಕಡಿಮೆ, ರೆಂಬೆ ವಿರಳ ಎಂದು ಬೆಳೆಗಾರರು ದಶಕಗಳ ಕಾಲ ಅದನ್ನು ಗಣನೆಗೆ ತಂದುಕೊಳ್ಳಲಿಲ್ಲ. ಹಸಿಯೆಂದಾ ಲಾ ಎಸ್ಮೆರಾಲ್ದಾ ತೋಟದ ಪೀಟರ್ಸನ್ ಕುಟುಂಬ ಎತ್ತರದ ಹರಮಿಯ್ಯೊ ಇಳಿಜಾರಿನ ಗೇಶಾ ಹಣ್ಣನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿ ಸಂಸ್ಕರಿಸಿ 2004ರ 'ಬೆಸ್ಟ್ ಆಫ್ ಪನಾಮ' ಸ್ಪರ್ಧೆಗೆ ಇಟ್ಟಿತು. ಅದು ಗೆದ್ದು, ಹರಾಜಿನಲ್ಲಿ ಪೌಂಡಿಗೆ 21 ಡಾಲರ್ ಮುಟ್ಟಿತು. 2019ರಲ್ಲಿ ಎಲಿದಾ ತೋಟದ ಗೇಶಾ ಪೌಂಡಿಗೆ 1,029 ಡಾಲರ್. 2025ರಲ್ಲಿ ಎಸ್ಮೆರಾಲ್ದಾದ ಒಂದು ಚಿಕ್ಕ ಲಾಟ್ ಕಿಲೋಗೆ 30,204 ಡಾಲರ್. ತೋಟದ ದಾರಿಯಲ್ಲಿ ಸಾಧಾರಣವಾಗಿ ಕಾಣುವ, ಉದ್ದ ಕೊಂಬೆಯ ಬಡಕಲು ಗಿಡವನ್ನು ನೋಡುವಾಗ ಈ ಹಿನ್ನೆಲೆ ತಿಳಿದಿರಬೇಕು. ಪಕ್ಕದ ಕತೂರಾ, ಕತೂಆಯಿ ತಳಿಯ ಗಿಡಗಳು ಗಿಡ್ಡ, ದಟ್ಟ. ಗೇಶಾದ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚು, ಕಾಳು ಉದ್ದ, ತುದಿ ಚೂಪು.

ತೋಟದ ಪ್ರವಾಸ ಎರಡೂವರೆ ಮೂರು ಗಂಟೆಯದು, ತಲೆಗೆ ಸುಮಾರು 30 ಡಾಲರ್‌ನಿಂದ ಶುರು. ಕಾಯ್ದಿರಿಸುವ ಮುನ್ನ ಮೂರು ಪ್ರಶ್ನೆ ಕೇಳಿ. ಈಗ ಕೊಯ್ಲು ನಡೆಯುತ್ತಿದೆಯೇ? ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮತ್ತು ಒಣಗಿಸುವ ಜಾಗ ತೋಟದಲ್ಲೇ ಇದೆಯೇ? ಕೊನೆಯಲ್ಲಿ ಎಷ್ಟು ಬಗೆಯ ಕಾಫಿ ರುಚಿ ನೋಡಲು ಕೊಡುತ್ತೀರಿ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಅದು ಅಂಗಡಿಯೊಂದರ ಮುಂದೆ ನಾಲ್ಕು ಗಿಡ ತೋರಿಸುವ ಪ್ರವಾಸವಾಗಿರುವ ಸಂಭವ ಹೆಚ್ಚು. ಕೊಯ್ಲು ಅಕ್ಟೋಬರ್ ಕೊನೆಗೆ ತಗ್ಗಿನ ತೋಟಗಳಲ್ಲಿ ಶುರುವಾಗಿ ಮಾರ್ಚ್‌ವರೆಗೂ ಮೇಲೇರುತ್ತಾ ಹೋಗುತ್ತದೆ. ಫೆಬ್ರವರಿಯಲ್ಲಿ ಹೋಗುವವರು 1,600 ಮೀಟರ್‌ಗಿಂತ ಮೇಲಿನ ತೋಟವನ್ನೇ ಆರಿಸಿಕೊಳ್ಳಿ.

ಪಕ್ವವಾದ ಹಣ್ಣೊಂದನ್ನು ಕೇಳಿ ಪಡೆದು ಬೆರಳಲ್ಲಿ ಹಿಸುಕಿ ನೋಡಿ. ಬೀಜ ಜಾರಿ ಹೊರಬಂದಾಗ ಮೇಲೆ ಅಂಟಿರುವ ಲೋಳೆಯನ್ನು ನಾಲಿಗೆಗೆ ತಾಗಿಸಿದರೆ ಸಿಹಿ, ಅದರಡಿ ಮಲ್ಲಿಗೆಯ ತೆಳು ಪರಿಮಳ. ಈ ಲೋಳೆಯನ್ನು ಏನು ಮಾಡುತ್ತಾರೆ ಎಂಬುದರಲ್ಲೇ ಮೂರು ಸಂಸ್ಕರಣೆಗಳ ವ್ಯತ್ಯಾಸವಿದೆ. ಅದನ್ನು ಹುದುಗಿಸಿ ತೊಳೆದರೆ ವಾಶ್ಡ್, ಬೀಜದ ಮೇಲೆಯೇ ಬಿಟ್ಟು ಒಣಗಿಸಿದರೆ ಹನಿ (ಇಂಗ್ಲಿಷಿನಲ್ಲಿ ಜೇನು), ಸಿಪ್ಪೆ ಸಮೇತ ಇಡೀ ಹಣ್ಣನ್ನೇ ಒಣಗಿಸಿದರೆ ನ್ಯಾಚುರಲ್. ಬೊಕೆತೆಯಲ್ಲಿ ಕಷ್ಟದ ಹಂತ ಒಣಗಿಸುವುದು. ಬಹರೆಕೆ ಬೀಸುವಾಗ ಗಾಳಿಯಲ್ಲಿ ತೇವ ಇಳಿಯುವುದೇ ಇಲ್ಲ. ಇಡೀ ಹಣ್ಣು ನಾಲ್ಕು ದಿನ ಹೆಚ್ಚು ಹಸಿಯಾಗಿ ಉಳಿದರೆ ಬೂಷ್ಟು ಹಿಡಿದು ಕಾಫಿ ಹುಳಿಹೆಂಡದಂತೆ ನಾರುತ್ತದೆ. ಅದಕ್ಕೇ ಇಲ್ಲಿ ನೆಲದ ಕಣಕ್ಕಿಂತ ಮಾಡಿನಡಿ ಎತ್ತರಿಸಿದ ಜಾಲರಿಯ ಹಾಸುಗಳು ಹೆಚ್ಚು ಕಾಣುತ್ತವೆ. ಕೆಲಸಗಾರರು ಗಂಟೆಗೊಮ್ಮೆ ಕೈಯಾಡಿಸುತ್ತಿರುತ್ತಾರೆ. ತೇವ ಶೇಕಡಾ 11ರ ಆಸುಪಾಸಿಗೆ ಇಳಿದ ಮೇಲೆ ಪಾರ್ಚ್‌ಮೆಂಟನ್ನು, ಎಂದರೆ ಒಳಸಿಪ್ಪೆ ಇನ್ನೂ ಇರುವ ಬೀಜವನ್ನು, ಒಂದೆರಡು ತಿಂಗಳು ವಿಶ್ರಾಂತಿಗೆ ಇಡುತ್ತಾರೆ. ಎಂದರೆ, ಫೆಬ್ರವರಿಯಲ್ಲಿ ಕಣ್ಣೆದುರು ಕೊಯ್ಯುವ ಹಣ್ಣಿನ ಕಾಫಿ ಆಗ ಅಂಗಡಿಯಲ್ಲಿ ಇರುವುದಿಲ್ಲ. ಮಾರುವುದು ಹಿಂದಿನ ಬೆಳೆ. 'ಇವತ್ತಿನ ಹೊಸ ಬೆಳೆ' ಎಂದು ಜನವರಿಯಲ್ಲಿ ಯಾರಾದರೂ ಪ್ಯಾಕೆಟ್ ಕೊಟ್ಟರೆ ಅನುಮಾನಿಸಿ.

ಕೊಯ್ಯುವವರಲ್ಲಿ ಬಹುಪಾಲು ನ್ಗೋಬೆ ಬುಡಕಟ್ಟಿನ ಕುಟುಂಬಗಳು. ಪಕ್ಕದಲ್ಲೇ 1997ರಲ್ಲಿ ಸ್ಥಾಪನೆಯಾದ ಅವರ ಸ್ವಾಯತ್ತ ಪ್ರದೇಶವಿದೆ. ಸೊಂಟಕ್ಕೆ ಬುಟ್ಟಿ ಕಟ್ಟಿ, 'ಲಾತಾ' ಎಂಬ ತಗಡಿನ ಅಳತೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಅವರ ಬಣ್ಣಬಣ್ಣದ ನಾಗ್ವಾ ಉಡುಪನ್ನು ಕಂಡು ಕ್ಯಾಮೆರಾ ಎತ್ತುವ ಮುನ್ನ ಕೇಳಿ, ಬೇಡವೆಂದರೆ ಅಲ್ಲಿಗೇ ಬಿಡಿ. ಅವರ ಕೈ ನಿಂತರೆ ಅವರ ಕೂಲಿಯೂ ನಿಲ್ಲುತ್ತದೆ.

ಕೊಳ್ಳುವಾಗ ಚೀಟಿಯಲ್ಲಿ ತೋಟದ ಹೆಸರು, ತಳಿ, ಸಂಸ್ಕರಣೆ, ಎತ್ತರ, ಹುರಿದ ದಿನಾಂಕ ಐದೂ ಇರಬೇಕು. 'ಗೇಶಾ ಬ್ಲೆಂಡ್' ಎಂದರೆ ಒಳಗೆ ಎಷ್ಟು ಗೇಶಾ ಇದೆಯೆಂದು ಯಾರೂ ಹೇಳಲಾರರು. ತಿಳಿ ಹುರಿತದ ಇಡೀ ಕಾಳು ಕೊಳ್ಳಿ, ಪುಡಿ ಬೇಡ. ಹುರಿದ ಒಂದು ವಾರದ ಮೇಲೆ ಕುದುರುತ್ತದೆ. ಮನೆಯಲ್ಲಿ 15 ಗ್ರಾಂ ಪುಡಿಗೆ 240 ಮಿ.ಲೀ. ನೀರು, 92ರಿಂದ 94 ಡಿಗ್ರಿ, ಕಾಗದದ ಫಿಲ್ಟರ್. ಹಾಲು, ಸಕ್ಕರೆ, ಚಿಕೋರಿ ಯಾವುದೂ ಬೇಡ. ಗೇಶಾವನ್ನು ಸುಡುಸುಡು ಕುಡಿದವರಿಗೆ ಅದು ತೆಳು ಚಹಾದಂತೆ ಅನಿಸುತ್ತದೆ. ಲೋಟ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಮಲ್ಲಿಗೆ, ಕಿತ್ತಳೆ ಸಿಪ್ಪೆಯ ಪರಿಮಳ ಬಿಚ್ಚಿಕೊಳ್ಳುತ್ತದೆ. ಹಸಿ ಹಣ್ಣು, ಬಿತ್ತನೆ ಬೀಜ, ಸಸಿಯನ್ನು ಮಾತ್ರ ಚೀಲಕ್ಕೆ ಹಾಕಿಕೊಳ್ಳಬೇಡಿ. ರೋಗ, ಕೀಟ ಗಡಿ ದಾಟುವುದು ಹೀಗೆಯೇ, ಸಸ್ಯ ಸಂಪರ್ಕತಡೆ ನಿಯಮಕ್ಕೂ ಅದು ವಿರುದ್ಧ.

ಬಾರೂ ಏರುವುದು

ಪನಾಮದ ಅತಿ ಎತ್ತರದ ಜಾಗ ಇದು. ಆಕಾಶ ತಿಳಿಯಾಗಿದ್ದರೆ ಒಂದೇ ಕಡೆ ನಿಂತು ಪೆಸಿಫಿಕ್ ಮತ್ತು ಕೆರಿಬಿಯನ್ ಎರಡನ್ನೂ ನೋಡಬಹುದು. ಅದು ಸೂರ್ಯೋದಯದಿಂದ ಎಂಟು, ಹೆಚ್ಚೆಂದರೆ ಒಂಬತ್ತು ಗಂಟೆಯವರೆಗೆ. ಆಮೇಲೆ ಕೆಳಗಿನಿಂದ ಮೋಡ ಏರಿಬಿಡುತ್ತದೆ. ರಾತ್ರಿಯೇ ಹತ್ತುವುದು ಈ ಕಾರಣಕ್ಕೆ.

ಬೊಕೆತೆ ಕಡೆಯ ದಾರಿ ಒಂದು ಬದಿಗೆ 13.5 ಕಿ.ಮೀ., ಏರು ಸುಮಾರು 1,700 ಮೀಟರ್. ದಾರಿ ತಪ್ಪುವ ಭಯವಿಲ್ಲ, ಏಕೆಂದರೆ ಅದು ನೆತ್ತಿಯ ಆಂಟೆನಾಗಳಿಗೆ ಹೋಗುವ ಜೀಪು ದಾರಿ. ಕಷ್ಟವೆಲ್ಲ ಕಾಲಡಿಯಲ್ಲಿದೆ: ತಲೆಬುರುಡೆ ಗಾತ್ರದ ಕಲ್ಲುಗಳು, ಅವುಗಳ ನಡುವೆ ಉರುಳುವ ಜಲ್ಲಿ. ವೊಲ್ಕಾನ್ ಊರಿನ ಕಡೆಯಿಂದ ಬರುವ ಪಶ್ಚಿಮದ ದಾರಿ ಚಿಕ್ಕದು, ಆದರೆ ಇನ್ನೂ ಕಡಿದು. ಅದಕ್ಕೆ ಮಾರ್ಗದರ್ಶಿ ಬೇಕೇ ಬೇಕು.

ಮೊದಲ ಎರಡು ರಾತ್ರಿ 1,200 ಮೀಟರ್ ಎತ್ತರದ ಬೊಕೆತೆಯಲ್ಲಿ ಮಲಗಿ ಮೈ ಒಗ್ಗಿಸಿಕೊಳ್ಳಿ. ಹತ್ತುವ ದಿನ ಮಧ್ಯಾಹ್ನ ಚೆನ್ನಾಗಿ ಉಂಡು ಸಂಜೆ ಆರರಿಂದ ಹತ್ತರವರೆಗೆ ನಿದ್ದೆ. ವಾಹನವನ್ನು ಮೊದಲೇ ಗೊತ್ತು ಮಾಡಿ, ಅರಣ್ಯ ಠಾಣೆಯಲ್ಲಿ ಹೆಸರು ಬರೆಸಿ, ಪ್ರವೇಶ ಶುಲ್ಕಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಸಾಧಾರಣ ನಡಿಗೆಯವರು ಗಂಟೆಗೆ ಎರಡು ಎರಡೂವರೆ ಕಿ.ಮೀ. ಏರುತ್ತಾರೆ, ಎಂದರೆ ಆರು ಗಂಟೆ. ಜನವರಿಯಲ್ಲಿ ಸೂರ್ಯ 6:40ರ ಸುಮಾರಿಗೆ, ಜೂನ್‌ನಲ್ಲಿ 6:05ರ ಸುಮಾರಿಗೆ ಹುಟ್ಟುತ್ತಾನೆ. ಅಲ್ಲಿಂದ ಹಿಂದಕ್ಕೆ ಎಣಿಸಿ ರಾತ್ರಿ ಹನ್ನೊಂದೂವರೆ, ಹನ್ನೆರಡಕ್ಕೆ ಹೊರಡಿ. ಬೇಗ ತಲುಪುವುದು ಜಾಣತನವಲ್ಲ. ನಾಲ್ಕೂವರೆಗೇ ನೆತ್ತಿ ಮುಟ್ಟಿದವರು ಸೊನ್ನೆಗೆ ಹತ್ತಿರದ ಚಳಿಯಲ್ಲಿ, ಗಾಳಿಗೆ ಅಡ್ಡವಿಲ್ಲದೆ ಎರಡು ಗಂಟೆ ಕೂರಬೇಕಾಗುತ್ತದೆ.

ತಲೆಗೆ ಕಟ್ಟುವ ಟಾರ್ಚು, ಅದಕ್ಕೆ ಹೆಚ್ಚಿನ ಬ್ಯಾಟರಿ, ಮೂರು ಲೀಟರ್ ನೀರು (ದಾರಿಯಲ್ಲಿ ಹನಿಯೂ ಸಿಗದು), ಉಪ್ಪು ಸಿಹಿ ಎರಡೂ ಇರುವ ತಿಂಡಿ, ಕೈಗವಸು, ಕಿವಿ ಮುಚ್ಚುವ ಟೋಪಿ, ಗಾಳಿ ತಡೆಯುವ ಜಾಕೆಟ್. ಎಲ್ಲಕ್ಕಿಂತ ಮುಖ್ಯವಾದದ್ದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಂದು ಒಣ ಬನಿಯನ್ ಮತ್ತು ಅಂಗಿ. ಏರುವಾಗ ಬೆವರಿ ಒದ್ದೆಯಾದ ಬಟ್ಟೆ ನೆತ್ತಿಯಲ್ಲಿ ನಿಂತ ಐದೇ ನಿಮಿಷಕ್ಕೆ ಮಂಜುಗಡ್ಡೆಯಂತಾಗುತ್ತದೆ. ನಡುಕ ಹತ್ತಿದ ಮೇಲೆ ಬದಲಿಸಲು ಬೆರಳು ಬಗ್ಗುವುದಿಲ್ಲ. ಕೊನೆಯ ತಿರುವಿಗೆ ಮುಂಚೆ, ಗಾಳಿಯ ಮರೆಯಲ್ಲಿ ಬದಲಿಸಿಕೊಂಡೇ ಮೇಲೆ ಹೋಗಿ. ತಲೆನೋವು, ವಾಕರಿಕೆ ಶುರುವಾಗಿ ಅರ್ಧ ಗಂಟೆ ಕುಳಿತರೂ ಇಳಿಯದಿದ್ದರೆ ಹಿಂದಿರುಗಬೇಕು.

ಶಿಲುಬೆ ಇರುವ ತುದಿಗೆ ಕೊನೆಯ ಕೆಲವು ಮೀಟರ್ ಬಂಡೆ ಹತ್ತಬೇಕು, ಕೈಯೂ ಬೇಕಾಗುತ್ತದೆ. ಬಂಡೆಯಲ್ಲಿ ಹಿಮದ ಪದರ ಇದ್ದರೆ ಬೆಳಕಾಗುವವರೆಗೆ ಕಾಯಿರಿ. ಸೂರ್ಯ ಹುಟ್ಟಿದ ಕೂಡಲೇ ಎಲ್ಲರೂ ಪೂರ್ವಕ್ಕೆ ನೋಡುತ್ತಾರೆ. ಒಮ್ಮೆ ತಿರುಗಿ ಪಶ್ಚಿಮಕ್ಕೆ ನೋಡಿ. ಬೆಟ್ಟದ ನೆರಳು ಕಡುನೀಲಿ ತ್ರಿಕೋನವಾಗಿ ಕಣಿವೆಗಳ ಮೇಲೆ ಚಾಚಿರುತ್ತದೆ, ನಿಮಿಷನಿಮಿಷಕ್ಕೂ ಒಳಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಕೊಲ್ಲಿಯಲ್ಲಿ ಚುಕ್ಕಿಗಳಂತೆ ಕಾಣುವವೇ ಮುಂದಿನ ದಿನಗಳಲ್ಲಿ ಹೋಗಲಿರುವ ದ್ವೀಪಗಳು.

ಇಳಿಯುವುದಕ್ಕೆ ನಾಲ್ಕೈದು ಗಂಟೆ. ಗಾಯಗಳೆಲ್ಲ ಆಗುವುದು ಈ ಇಳಿಯುವಾಗಲೇ: ನಿದ್ದೆಗೆಟ್ಟ ಕಣ್ಣು, ಉರುಳುವ ಜಲ್ಲಿ. ಎರಡು ಊರುಗೋಲು ಇದ್ದರೆ ಮೊಣಕಾಲು ಉಳಿಯುತ್ತದೆ. ಮಳೆಗಾಲದಲ್ಲಾದರೆ ಸಿಡಿಲಿಗೆ ಸಿಗದಂತೆ ಮಧ್ಯಾಹ್ನದೊಳಗೆ ಠಾಣೆ ಮುಟ್ಟಿರಬೇಕು. ನಡೆಯಲಾಗದವರಿಗೆ ಜೀಪು ಸವಾರಿ ಇದೆ; ಎರಡು ಗಂಟೆಯ ಕುಲುಕಾಟ, ಬೆನ್ನುನೋವಿನವರಿಗೆ ಹೇಳಿದ್ದಲ್ಲ.

ಕೆತ್ಸಾಲ್ ದಾರಿ, ಇತರ ನಡಿಗೆಗಳು

ಬಾರೂ ಬೆನ್ನಿನ ಕಾಡಿನಲ್ಲಿ ಸೆರೊ ಪುಂತಾದಿಂದ ಬೊಕೆತೆಯ ಆಲ್ತೊ ಚಿಕೆರೊವರೆಗೆ ಸೆಂದೆರೊ ಲೊಸ್ ಕೆತ್ಸಾಲೆಸ್ ಕಾಲುದಾರಿ ಇದೆ. ಹತ್ತು ಕಿ.ಮೀ. ಆಸುಪಾಸು, ಐದಾರು ಗಂಟೆ. ಸೆರೊ ಪುಂತಾ ಬದಿ ಹೆಚ್ಚು ಎತ್ತರದಲ್ಲಿರುವುದರಿಂದ ಅಲ್ಲಿಂದ ಶುರುಮಾಡಿದರೆ ಹೆಚ್ಚಿನ ಪಾಲು ಇಳಿಜಾರು. ಆದ್ದರಿಂದಲೇ ಆ ಒಂದು ರಾತ್ರಿ ಸೆರೊ ಪುಂತಾದಲ್ಲಿ ಕಳೆಯಲು ಹೇಳಿದ್ದು. ಕಾಡಿನಲ್ಲಿ ಹತ್ತು ಕಿಲೋಮೀಟರ್ ಇರುವ ಈ ಎರಡು ಊರು ರಸ್ತೆಯಲ್ಲಿ ಬೆಟ್ಟ ಸುತ್ತಿಬರಲು ಎರಡು ಗಂಟೆಗೂ ಹೆಚ್ಚು ಬೇಡುತ್ತವೆ. ದೊಡ್ಡ ಚೀಲವನ್ನು ಬೊಕೆತೆಯ ವಸತಿಯಲ್ಲೇ ಬಿಟ್ಟು ಹೋಗಿ. ಪ್ರವಾಹದಿಂದ ದಾರಿ, ಕಾಲುಸೇತುವೆ ಆಗಾಗ ಹಾಳಾಗುತ್ತವೆ, ಹಿಂದಿನ ದಿನ ಅರಣ್ಯ ಠಾಣೆಯಲ್ಲಿ ವಿಚಾರಿಸದೆ ಹೊರಡಬೇಡಿ.

ಕೆತ್ಸಾಲ್ ಕಾಣುವುದು ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಫೆಬ್ರವರಿಯಿಂದ ಏಪ್ರಿಲ್. ಗಂಡಿನ ಬಾಲದ ಗರಿಗಳು ಅರ್ಧ ಮೀಟರ್ ಮೀರಿದ ಉದ್ದವಿದ್ದರೂ ಹಸಿರು ಎಲೆಯ ನಡುವೆ ಹಕ್ಕಿ ಕಣ್ಣಿಗೆ ಬೀಳುವುದಿಲ್ಲ. ಮರಗಳನ್ನು ಹುಡುಕಿ: ಪುಟ್ಟ ಕಾಡು ಬೆಣ್ಣೆಹಣ್ಣು ಬಿಟ್ಟ ಮರದ ಕೆಳಗೆ ಹೊಸದಾಗಿ ಉಗುಳಿದ ಬೀಜಗಳಿದ್ದರೆ ಅಲ್ಲೇ ಸುಮ್ಮನೆ ನಿಲ್ಲಿ. ಸ್ಥಳೀಯ ಹಕ್ಕಿ ಮಾರ್ಗದರ್ಶಿಗೆ ಕೊಡುವ ಹಣ ಇಲ್ಲಿ ಸಾರ್ಥಕ.

ಬೊಕೆತೆಯ ಮೇಲಿನ ಪಿಯಾನಿಸ್ತಾ ಕಾಲುದಾರಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. 2014ರ ಏಪ್ರಿಲ್‌ನಲ್ಲಿ ಇಬ್ಬರು ಡಚ್ ಯುವತಿಯರು ಅಲ್ಲಿಗೆ ಹೋಗಿ ಜೀವಂತ ಮರಳಲಿಲ್ಲ. ಅದು ಸುತ್ತು ದಾರಿಯಲ್ಲ. ನೆತ್ತಿಯ ನೋಟತಾಣದಿಂದ ಮುಂದಕ್ಕೆ ಇಳಿಯುವ ದಾರಿ ಬೊಕೆತೆಗೆ ಬರುವುದಿಲ್ಲ, ಕೆರಿಬಿಯನ್ ಕಡೆಯ ದಟ್ಟ ಕಾಡಿಗೆ ಹೋಗುತ್ತದೆ. ಒಬ್ಬಂಟಿಯಾಗಿ ಹೋಗಬೇಡಿ, ವಸತಿಯಲ್ಲಿ ತಿಳಿಸಿ ಹೋಗಿ, ನೋಟತಾಣದಿಂದ ಬಂದ ದಾರಿಯಲ್ಲೇ ಮರಳಿ.

ಬೋಕಾ ಚೀಕಾ ಮತ್ತು ದ್ವೀಪಗಳು

ದಾವಿದ್‌ನಿಂದ ಪೂರ್ವಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಹೋದರೆ ಓರ್ಕೊನ್ಸೀತೊಸ್ ಕವಲು. ಅಲ್ಲಿಂದ ಮಿನಿಬಸ್ಸು ಅಥವಾ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಗೆ ಬೋಕಾ ಚೀಕಾ ಮೀನುಗಾರರ ಹಳ್ಳಿ. ಇಲ್ಲಿಂದಲೇ 1994ರಲ್ಲಿ ಘೋಷಿತವಾದ ಚಿರಿಕೀ ಕೊಲ್ಲಿ ಕಡಲ ರಾಷ್ಟ್ರೀಯ ಉದ್ಯಾನಕ್ಕೆ ದೋಣಿಗಳು ಹೊರಡುವುದು. ಪಾರಿದಾ ಅಲ್ಲಿನ ದೊಡ್ಡ ದ್ವೀಪ, ಬೊಲಾನ್ಯೋಸ್ ಬಿಳಿ ಮರಳಿಗೆ ಹೆಸರಾದದ್ದು, ಗಾಮೆಸ್ ಚಿಕ್ಕದು.

ಪೆಸಿಫಿಕ್ ಬದಿಯ ಉಬ್ಬರ ಸಣ್ಣದಲ್ಲ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ನೀರಿನ ಮಟ್ಟದಲ್ಲಿ ಮೂರು ಮೀಟರ್‌ನಷ್ಟು ವ್ಯತ್ಯಾಸವಾಗುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ನಡುವೆ ಆರು ಗಂಟೆ ಚಿಲ್ಲರೆ, ದಿನವೂ ಸುಮಾರು ಐವತ್ತು ನಿಮಿಷ ಮುಂದಕ್ಕೆ. ದೋಣಿ ಗೊತ್ತು ಮಾಡುವ ಮೊದಲು ಪುಯೆರ್ತೊ ಅರ್ಮುಯೆಲ್ಲೆಸ್ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ. ಇಳಿತದಲ್ಲಿ ಮರಳು ಅಗಲವಾಗಿ ಸಿಗುತ್ತದೆ, ಆದರೆ ಬೋಕಾ ಚೀಕಾದಲ್ಲಿ ದೋಣಿ ಹತ್ತಲು ಕೆಸರು ತುಳಿಯಬೇಕಾಗಬಹುದು. ನೀರಿನಡಿ ಮೀನು, ಹವಳ ನೋಡುವವರಿಗೆ ಬೇಕಾದ್ದು ಬೇರೆ: ಉಬ್ಬರ ತುಂಬಿ ನಿಂತ ಹೊತ್ತು, ಅದೂ ಅಷ್ಟಮಿಯ ಆಸುಪಾಸಿನ ದಿನ. ಆಗ ಸೆಳೆತ ಕಡಿಮೆ, ಕೆಸರು ಏಳುವುದಿಲ್ಲ, ನೀರು ತಿಳಿ. ದಡದ ಕಾಂಡ್ಲ ಕಾಡಿನ ಬಳಿ ನೀರು ಸದಾ ಕದಡಿರುತ್ತದೆ, ಅದನ್ನು ನೋಡಿ ನಿರಾಶರಾಗಬೇಡಿ. ಹೊರಗಿನ ದ್ವೀಪಗಳ ಬಳಿ ಬಣ್ಣವೇ ಬೇರೆ.

ದರ ಕೇಳುವಾಗ 'ದೋಣಿಗೋ, ತಲೆಗೋ' ಎಂದು ಬಿಡಿಸಿ ಕೇಳಿ. ಉದ್ಯಾನದ ಶುಲ್ಕ, ಊಟ, ಎಷ್ಟು ದ್ವೀಪ, ಎಷ್ಟು ಗಂಟೆ ಸೇರಿದೆ ಎಂಬುದನ್ನೂ. ತಲೆಗೊಂದು ಜೀವರಕ್ಷಕ ಕವಚ, ಕೆಲಸ ಮಾಡುವ ರೇಡಿಯೋ ಕಣ್ಣಾರೆ ಕಂಡ ಮೇಲೆಯೇ ಹತ್ತಿ. ಏಳೂವರೆಗೆ ಹೊರಟು ಎರಡು ಗಂಟೆಯೊಳಗೆ ಮರಳುವುದು ಕ್ಷೇಮ, ಮಧ್ಯಾಹ್ನ ಅಲೆ ಏಳುತ್ತದೆ. ದ್ವೀಪಗಳಲ್ಲಿ ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ. ತಲೆಗೆ ಮೂರು ಲೀಟರ್ ನೀರು, ಉದ್ದ ತೋಳಿನ ಈಜು ಅಂಗಿ ಇರಲಿ. ಬೆಳಗ್ಗೆ ಸಂಜೆ ಕಚ್ಚುವ 'ಚಿತ್ರಾ' ಮರಳುನೊಣ ಕಣ್ಣಿಗೆ ಕಾಣದಷ್ಟು ಚಿಕ್ಕದು, ತುರಿಕೆ ವಾರ ಉಳಿಯುತ್ತದೆ. ಕಾಲು ಮುಚ್ಚಿಕೊಳ್ಳುವುದೇ ಮದ್ದು.

ದಡದಲ್ಲಿ ಮಂಚಿನೀಲ್ ಮರ ಗುರುತಿಸಲು ಕಲಿಯಿರಿ. ಸ್ಥಳೀಯರು ಮನ್ಸನಿಯ್ಯೊ ಎನ್ನುತ್ತಾರೆ. ಹೊಳೆಯುವ ಎಲೆ, ಪುಟ್ಟ ಹಸಿರು ಸೇಬಿನಂಥ ಹಣ್ಣು, ಸಿಹಿ ಪರಿಮಳ. ಹಣ್ಣು ಕಚ್ಚಿದರೆ ಗಂಟಲು ಸುಟ್ಟು ಊದಿಕೊಳ್ಳುತ್ತದೆ, ಮಳೆಗೆ ಅದರಡಿ ನಿಂತರೆ ಎಲೆಯಿಂದ ಇಳಿದ ಹನಿಯೇ ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತದೆ. ಮಕ್ಕಳಿದ್ದರೆ ದೋಣಿ ಇಳಿದ ತಕ್ಷಣ ನಾವಿಕನಿಂದಲೇ ಮರ ತೋರಿಸಿಕೊಳ್ಳಿ. ಆಳವಿಲ್ಲದ ನೀರಿನಲ್ಲಿ ಕಾಲನ್ನು ಎತ್ತಿ ಇಡದೆ ಮರಳಿನಲ್ಲಿ ಎಳೆಯುತ್ತಾ ನಡೆಯಿರಿ, ಮಲಗಿರುವ ತೊರಕೆ ಮೀನು ಎದ್ದು ಹೋಗುತ್ತದೆ. ತಿಮಿಂಗಿಲ ಕಂಡಾಗ ಹತ್ತಿರಕ್ಕೆ ಹೋಗು ಎಂದು ನಾವಿಕನನ್ನು ಒತ್ತಾಯಿಸಬೇಡಿ. ಎಂಜಿನ್ ಗೇರು ಬಿಡಿಸಿ ಸುಮ್ಮನೆ ತೇಲಿದರೆ ಉಸಿರು ಬಿಡುವ ಸದ್ದು ಕೇಳುತ್ತದೆ, ಕೆಲವೊಮ್ಮೆ ತಾಯಿ ಮರಿ ತಾವಾಗಿಯೇ ಸಮೀಪಿಸುತ್ತವೆ.

ಮರಳುವಾಗ

ಚಿರಿಕೀಯಿಂದ ಪನಾಮ ನಗರಕ್ಕೆ ಭೂಮಾರ್ಗವಾಗಿ ಇರುವುದು ಪ್ಯಾನ್ ಅಮೆರಿಕನ್ ಹೆದ್ದಾರಿಯೊಂದೇ. 2022ರ ಜುಲೈನಲ್ಲೂ, ಗಣಿ ಒಪ್ಪಂದದ ವಿರುದ್ಧ 2023ರ ಅಕ್ಟೋಬರ್, ನವೆಂಬರ್‌ನಲ್ಲೂ ಪ್ರತಿಭಟನೆಗಳು ಅದನ್ನು ವಾರಗಟ್ಟಲೆ ಅಲ್ಲಲ್ಲಿ ಮುಚ್ಚಿದವು. ಪ್ರಾಂತ್ಯದಲ್ಲಿ ಇಂಧನ, ಅಡುಗೆ ಅನಿಲ ಸಿಗದಂತಾಯಿತು. ಆದ್ದರಿಂದ ಅಂತರರಾಷ್ಟ್ರೀಯ ವಿಮಾನದ ಹಿಂದಿನ ರಾತ್ರಿ ನಗರದಲ್ಲಿರುವಂತೆ ಲೆಕ್ಕ ಹಾಕಿ. ಹೊರಡುವ ಎರಡು ದಿನ ಮೊದಲೇ ವಸತಿಯವರನ್ನು ರಸ್ತೆಯ ಸ್ಥಿತಿ ಕೇಳಿ, ಮುಚ್ಚುವ ಸುಳಿವು ಸಿಕ್ಕರೆ ದಾವಿದ್‌ನಿಂದ ವಿಮಾನ ಹಿಡಿಯಿರಿ. ಸುದ್ದಿ ಹಬ್ಬಿದ ದಿನವೇ ಸೀಟು ಖಾಲಿಯಾಗುತ್ತದೆ. ಕಾಫಿ ಪ್ಯಾಕೆಟ್‌ಗಳನ್ನು ಬಟ್ಟೆಯ ನಡುವೆ ಸುತ್ತಿ ದೊಡ್ಡ ಚೀಲಕ್ಕೆ ಹಾಕಿದರೂ ತೊಂದರೆಯಿಲ್ಲ. ಹಳದಿ ಜ್ವರದ ಪ್ರಮಾಣಪತ್ರ ಮಾತ್ರ ಪಾಸ್‌ಪೋರ್ಟ್ ಜೊತೆಗೆ ಕೈಚೀಲದಲ್ಲೇ ಇರಲಿ, ಬಂದಿಳಿದಾಗ ಚೀಲ ಸಿಗುವುದಕ್ಕೆ ಮೊದಲೇ ಅದನ್ನು ಕೇಳುತ್ತಾರೆ.